ಪದಚರ್ಚೆ: ನೀರಿನ ಯಂತ್ರಕ್ಕೆ ‘ಕನ್ನ’ ಹಾಕುವುದೇ, ‘ಕೈಯಾಡಿಸುವುದೇ’?

ಎಲ್ಲರಿಗೂ ಕುಮಟಾದಿಂದ ನಮಸ್ಕಾರ. ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ, ನಿಮ್ಮ ಸಹಾಯ ಬೇಕು.

ನಮ್ಮ ಕಡೆ ಕುಡಿಯುವ ನೀರಿನ ಪಂಪ್‌ಹೌಸ್‌ನಲ್ಲಿ ಕೆಲಸ ಮಾಡುವವರಿಗೆ, ವಾಲ್‌ಮನ್‌ಗಳಿಗೆ ಹಂಚಲು ಎರಡು ಪುಟ ಕನ್ನಡದಲ್ಲಿ ಬರೆದುಕೊಡಿ ಅಂತ ಪರಿಚಯದ ಇಂಜಿನಿಯರ್ ಒಬ್ಬರು ಕೇಳಿದರು. ಈಗ ಪಂಪನ್ನು ಮೊಬೈಲಿನಿಂದಲೇ ಚಾಲೂ ಮಾಡುವುದು, ಟ್ಯಾಂಕ್ ಎಷ್ಟು ತುಂಬಿದೆ, ಕ್ಲೋರಿನ್ ಎಷ್ಟು ಹೋಗುತ್ತಿದೆ ಅಂತ ಪರದೆಯ ಮೇಲೆ ನೋಡುವುದು, ಇದೆಲ್ಲ ಬರುತ್ತಿದೆ. ಯಾರಾದರೂ ಇಂಟರ್ನೆಟ್ಟಿನಿಂದ ಅದರೊಳಗೆ ಹೊಕ್ಕರೆ ಏನು ಮಾಡಬೇಕು, ಹೊಗದ ಹಾಗೆ ಏನು ಮಾಡಬೇಕು ಅನ್ನುವುದು ವಿಷಯ. ಮೊದಲ ಕರಡಿನಲ್ಲಿ ‘ಸೈಬರ್ ದಾಳಿ’ ಅಂತಲೇ ಬರೆದಿದ್ದೆ. ಅದನ್ನು ಓದಿದ ವಾಲ್‌ಮನ್ ಒಬ್ಬರು, ಇಪ್ಪತ್ತು ವರ್ಷದಿಂದ ಊರಿಗೆ ನೀರು ಬಿಡುವವರು, ‘ದಾಳಿ ಅಂದ್ರೆ ಗೊತ್ತಾಗ್ತದೆ ಮಾರಾಯ್ರೆ, ಗಲಾಟೆ ಇರ್ತದೆ. ಇದು ಗೊತ್ತೇ ಆಗದ ಹಾಗೆ ಮಾಡೋದಲ್ವಾ?’ ಅಂದರು. ಅವರ ಮಾತು ಸರಿ ಅನ್ನಿಸಿತು.

ಆಮೇಲೆ ‘ಕನ್ನ’ಕ್ಕೆ ಬಂದೆ. ಕನ್ನ ಅಂದರೆ ಕಳ್ಳ ಮನೆಯ ಗೋಡೆಗೆ ಕೊರೆಯುವ ತೂತು. ಹಳೆಯ ಪದ, 12ನೇ ಶತಮಾನದ ಶರಣ ಕನ್ನದ ಮಾರಿತಂದೆಯ ಹೆಸರಲ್ಲೇ ಆ ಕಸುಬು ಇದೆ. ಪತ್ರಿಕೆಯವರು ‘ಬ್ಯಾಂಕ್ ಖಾತೆಗೆ ಕನ್ನ’ ಅಂತ ಬರೆದಾಗ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅಲ್ಲಿ ದುಡ್ಡು ಹೋಗಿರುತ್ತದೆ. ಆದರೆ ನೀರಿನ ಯಂತ್ರಕ್ಕೆ ಹೊಕ್ಕವನು ಅಲ್ಲಿಂದ ಏನನ್ನೂ ಒಯ್ಯಬೇಕಾಗಿಲ್ಲ. ಒಂದು ಅಂಕಿ ಬದಲಾಯಿಸಿದರೆ ಸಾಕು. ‘ಕನ್ನ’ ಅಂತ ಓದಿದವರು ಏನು ಕಳೆದುಹೋಗಿದೆ ಅಂತ ಹುಡುಕುತ್ತಾರೆ. ಏನೂ ಹೋಗಿಲ್ಲ ಅಂತ ಸುಮ್ನೆ ಕೂತರೆ ಕಷ್ಟ.

ಇನ್ನೊಂದು ತೊಡಕು. ಕನ್ನ ಹಾಕುವವನು ಹೊರಗಿನವನು, ಗೋಡೆ ಕೊರೆದು ಬರಬೇಕು. 2000ರಲ್ಲಿ ಆಸ್ಟ್ರೇಲಿಯಾದ ಮರೂಚಿ ಎಂಬಲ್ಲಿ ಹಾಗೆ ಆಗಲಿಲ್ಲ. ಅಲ್ಲಿನ ಚರಂಡಿ ನೀರಿನ ಪಂಪುಗಳಿಗೆ ನಿಯಂತ್ರಣ ವ್ಯವಸ್ಥೆ ಕೂರಿಸಿದ ಕಂಪನಿಯಲ್ಲೇ ಕೆಲಸ ಮಾಡಿದ್ದವನು, ಆಮೇಲೆ ಪಾಲಿಕೆಯಲ್ಲಿ ಕೆಲಸ ಸಿಗಲಿಲ್ಲ ಅನ್ನುವ ಸಿಟ್ಟಿಗೆ ಕಾರಿನಲ್ಲಿ ರೇಡಿಯೋ ಇಟ್ಟುಕೊಂಡು ಪಂಪುಗಳಿಗೆ ಆಜ್ಞೆ ಕಳಿಸಿ, ಸುಮಾರು 8 ಲಕ್ಷ ಲೀಟರ್ ಕೊಳಚೆಯನ್ನು ಪಾರ್ಕು, ಹೊಳೆಗಳಿಗೆ ಹರಿಸಿದ. ಅವನಿಗೆ ದಾರಿ ಮೊದಲೇ ಗೊತ್ತಿತ್ತು. ಕೊರೆಯಲು ಅಲ್ಲಿ ಗೋಡೆಯೇ ಇರಲಿಲ್ಲ.

ಈಗ ನನ್ನ ಮನಸ್ಸು ‘ಕೈಯಾಡಿಸು’ ಕಡೆ ವಾಲಿದೆ. ‘ಎಲ್ಲದರಲ್ಲೂ ಕೈಯಾಡಿಸುತ್ತಾನೆ’ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ‘ನಮ್ಮ ಪಂಪಿನ ಸೆಟ್ಟಿಂಗಿನಲ್ಲಿ ಯಾರೋ ಕೈಯಾಡಿಸಿದ್ದಾರೆ.’ ಇದು ನನಗೆ ಹಿಡಿಸಿದ್ದಕ್ಕೆ ದೊಡ್ಡ ಕಾರಣ ಅಮೆರಿಕದ ಫ್ಲೋರಿಡಾದ ಓಲ್ಡ್ಸ್‌ಮಾರ್ ಪ್ರಕರಣ. 2021ರ ಫೆಬ್ರವರಿಯಲ್ಲಿ ಅಲ್ಲಿನ ಶುದ್ಧೀಕರಣ ಘಟಕದ ಆಪರೇಟರ್ ಎದುರಿಗೇ ಪರದೆಯ ಮೇಲೆ ಮೌಸಿನ ಬಾಣ ತಾನಾಗಿ ಓಡಾಡಿತು, ನೀರಿಗೆ ಬೆರೆಸುವ ಕಾಸ್ಟಿಕ್ ಸೋಡಾದ ಅಂಕಿ 100 ಪಿಪಿಎಂನಿಂದ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನುವ ಅಳತೆ) 11,100ಕ್ಕೆ ಏರಿತು, ಅವರು ಕೂಡಲೇ ಕೆಳಗಿಳಿಸಿದರು ಅಂತ ಸುದ್ದಿಯಾಯಿತು. ಜಗತ್ತೆಲ್ಲ ‘ದಾಳಿ’ ಅಂದಿತು. ಎರಡು ವರ್ಷದ ಮೇಲೆ, ಆಗ ಅಲ್ಲಿ ನಗರಾಡಳಿತ ನೋಡುತ್ತಿದ್ದ ಅಧಿಕಾರಿಯೇ ಅದು ಒಳಗಿನವರದೇ ಕೈತಪ್ಪು ಇರಬೇಕು ಅಂತ ಹೇಳಿದರು. ದಾಳಿ, ಕನ್ನ ಅಂದ ಕೂಡಲೇ ಒಬ್ಬ ವೈರಿ, ಒಬ್ಬ ಕಳ್ಳ ಬಂದುಬಿಡುತ್ತಾನೆ. ‘ಕೈಯಾಡಿಸಿದ್ದಾರೆ’ ಅಂದರೆ ಕೈ ಯಾರದ್ದು ಅನ್ನುವುದು ಆಮೇಲಿನ ಮಾತು. ಮೊದಲು ಅಂಕಿ ಸರಿ ಮಾಡು, ನೀರು ಪರೀಕ್ಷಿಸು. ಪಂಪ್‌ಹೌಸಿನವರಿಗೆ ಬೇಕಾದದ್ದು ಅದೇ ಅಲ್ವಾ?

ತಕರಾರು ಬರುತ್ತದೆ, ಗೊತ್ತು. ಅಡುಗೆ ಬರೆಯುವವರಿಗೆ ಕೈಯಾಡಿಸುವುದು ಅಂದರೆ ತಳ ಹಿಡಿಯದ ಹಾಗೆ ಸೌಟಿನಿಂದ ತಿರುವುವುದು. ‘ಕೈವಾಡ’ ಯಾಕೆ ಬೇಡ ಅಂತಲೂ ಕೇಳಬಹುದು. ಕೈವಾಡದಲ್ಲಿ ಸಂಚು ಇದೆ, ತೀರ್ಪು ಆಗಲೇ ಆಗಿಹೋಗಿರುತ್ತದೆ. ‘ಕೈಚಳಕ’ದಲ್ಲಿ ಮೆಚ್ಚುಗೆ ಇದೆ, ಊರಿನ ನೀರು ಕೆಡಿಸುವವನಿಗೆ ಅದು ಖಂಡಿತ ಬೇಡ.

ಇನ್ನೆರಡು ಸಣ್ಣ ಪದ. ‘ಮಾನವಚಾಲಿತ ವಿಧಾನಕ್ಕೆ ಬದಲಿಸಿ’ ಅಂತ ಬರೆದಿದ್ದನ್ನು ಹೊಡೆದು ಹಾಕಿ ‘ಮ್ಯಾನ್ಯುವಲ್‌ಗೆ ಹಾಕಿ’ ಅಂತ ಮಾಡಿದೆ. ಪಂಪ್‌ಹೌಸಿನಲ್ಲಿ ಎಲ್ಲರೂ ಹೇಳುವುದು ಅದನ್ನೇ, ತುರ್ತಿನಲ್ಲಿ ಬೇರೆ ಪದ ಹುಡುಕುತ್ತಾ ನಿಲ್ಲಬಾರದು. ಯಂತ್ರದ ಜೊತೆ ಕಂಪನಿಯಿಂದಲೇ ಬರುವ ಪಾಸ್‌ವರ್ಡಿಗೆ ‘ಹುಟ್ಟು ಪಾಸ್‌ವರ್ಡ್’ ಅಂದಿದ್ದೇನೆ, ಸರಿಯೇ? 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾದಲ್ಲಿ ನೀರಿನ ಒತ್ತಡ ನೋಡಿಕೊಳ್ಳುವ ಯಂತ್ರಕ್ಕೆ ಹೊರಗಿನವರು ಹೊಕ್ಕರು. ಆ ಮಾದರಿಯ ಯಂತ್ರದ ಹುಟ್ಟು ಪಾಸ್‌ವರ್ಡ್ 1111. ಅಲ್ಲಿಯೂ ನೌಕರರು ಮ್ಯಾನ್ಯುವಲ್‌ಗೆ ಹಾಕಿಯೇ ಕೆಲಸ ನಡೆಸಿದರು. ಹಾಗಾಗಿ ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಬೇಕೆಂದಿದ್ದೇನೆ: ಹುಟ್ಟು ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ.

ನಿಜವಾದ ಪ್ರಶ್ನೆ ಈಗ. ಇಂಟರ್ನೆಟ್ ಹೊಸದು, ಬೇರೆಯವರ ನೀರಿಗೆ ಕೈ ಹಾಕುವುದು ಹೊಸದಲ್ಲ. ನಮ್ಮ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಅಂಚಿನ ತಗ್ಗು ಗದ್ದೆಯಲ್ಲಿ, ಉಪ್ಪುನೀರು ತಡೆಯುವ ಜಂತ್ರಡಿ ಅನ್ನುವ ಹಲಗೆ ಬಾಗಿಲು ಇದೆ. ರಾತ್ರಿ ಯಾರೋ ಅದರ ಹಲಗೆ ಎತ್ತಿ ಹೋದರೆ ಒಳಗಿನ ಕಗ್ಗ ಭತ್ತದ ಗತಿ ಏನು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲೆ ಅಡಿಕೆ ತೋಟಕ್ಕೆ ಬರುವ ಅಬ್ಬಿ ನೀರನ್ನು ಮೇಲಿನವರು ತಿರುಗಿಸಿಕೊಂಡರೂ ಅಷ್ಟೇ. ಈ ಕೆಲಸಕ್ಕೆ ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಒಂದು ಹೆಸರು ಇದೆಯೇ? ಅಂಕೋಲೆಯ ಹಾಲಕ್ಕಿ ಮಾತಿನಲ್ಲಿ, ಶಿರಸಿ ಸಿದ್ದಾಪುರದ ಹವ್ಯಕರ ಮಾತಿನಲ್ಲಿ, ಕಾರವಾರದ ಕೊಂಕಣಿಯಲ್ಲಿ? ಅಜ್ಜ ಅಜ್ಜಿಯರು ಇದ್ದರೆ ದಯವಿಟ್ಟು ಕೇಳಿ ಬರೆಯಿರಿ. ಮಳೆ ಹಿಡಿಯುವ ಮೊದಲು ಆ ಎರಡು ಪುಟ ಅಚ್ಚಿಗೆ ಕೊಡಬೇಕು, ‘ಕೈಯಾಡಿಸು’ ಇರುವ ಜಾಗದಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ಇಟ್ಟಿದ್ದೇನೆ.