ಹೆರಿಗೆಯಲ್ಲಿ ಹೋದ ರಕ್ತದ ಅಳತೆ: ಥೀಸಿಸ್‌ಗೆ ಡ್ರೇಪ್ ಒಂದೇ ಸಾಕೇ?

ಒಬಿಜಿ_ಪಿಜಿ ಕೇಳಿದ್ದು:
ಎಲ್ಲರಿಗೂ ನಮಸ್ಕಾರ. ಜಿಲ್ಲಾ ಆಸ್ಪತ್ರೆಯೊಂದರ ನಾರ್ಮಲ್ ಹೆರಿಗೆಗಳಲ್ಲಿ ರಕ್ತಸ್ರಾವದ ಬಗ್ಗೆ ಥೀಸಿಸ್ ಪ್ರೋಟೋಕಾಲ್ ಬರೆಯುತ್ತಿದ್ದೇನೆ. ಒಂದು ಗುಂಪಿಗೆ ಅಳತೆಗೆರೆ ಇರುವ ಪ್ಲಾಸ್ಟಿಕ್ ಡ್ರೇಪ್ (ಸೊಂಟದಡಿ ಹಾಸಿ ರಕ್ತವನ್ನು ತುದಿಯ ಚೀಲದಲ್ಲಿ ಹಿಡಿಯುವ ಹಾಳೆ), ಇನ್ನೊಂದಕ್ಕೆ ಕಣ್ಣಂದಾಜು. ಯಾವುದರಲ್ಲಿ ಪಿಪಿಎಚ್ (ಹೆರಿಗೆಯ ನಂತರದ ಅತಿ ರಕ್ತಸ್ರಾವ, 500 ಎಂಎಲ್ ಅಥವಾ ಹೆಚ್ಚು) ಕಡಿಮೆ ಬರುತ್ತದೆ ಎಂದು ನೋಡುವ ಯೋಜನೆ. ಡ್ರೇಪಿನ ಗೆರೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ತೂಕ ಮಾಡಿದರೆ ಗ್ರಾಂ ಅನ್ನೇ ಎಂಎಲ್ ಎಂದು ಬರೆದುಬಿಡಬಹುದೇ? ಖರ್ಚಿನ ಲೆಕ್ಕವನ್ನೂ ಸೇರಿಸಿ ಎಂದು ಗೈಡ್ ಹೇಳಿದ್ದಾರೆ, ಅದನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಹರಿವು:
ಗೆರೆ ಸುಳ್ಳು ಹೇಳುವುದು ಚೀಲದ ಆಕಾರದಿಂದ. ಕೆಳಗೆ ಚೂಪು, ಮೇಲೆ ಅಗಲ ಇರುವ ಕೋನಿನಲ್ಲಿ ಗಾತ್ರ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ. 20 ಸೆಂ.ಮೀ. ಎತ್ತರಕ್ಕೆ 500 ಎಂಎಲ್ ಹಿಡಿಯುವ ಚೀಲ ಅಂದುಕೊಳ್ಳಿ. 21ಕ್ಕೆ 579 ಆಗುತ್ತದೆ, 19ಕ್ಕೆ 429. ಒಂದು ಸೆಂ.ಮೀ. ಮೇಲೆ ಕೆಳಗೆ ಓದಿದರೆ 70–80 ಎಂಎಲ್ ವ್ಯತ್ಯಾಸ, ಅದೂ ಸರಿಯಾಗಿ ನಿಮಗೆ ಬೇಕಾದ 500ರ ಗಡಿಯಲ್ಲೇ. ಚೀಲ ಓರೆಯಾಗಿ ನೇತಾಡಿದರೆ, ತುದಿ ಸ್ಟೂಲಿಗೋ ಬಕೆಟ್ಟಿಗೋ ತಾಗಿ ಮಡಿಚಿಕೊಂಡರೆ ಇದಕ್ಕಿಂತ ಹೆಚ್ಚು. ಆದ್ದರಿಂದ ಚೀಲ ಲಂಬವಾಗಿ, ಏನಕ್ಕೂ ತಾಗದೆ ತೂಗುತ್ತಿರಬೇಕು. ಓದುವವರ ಕಣ್ಣು ದ್ರವದ ಮಟ್ಟಕ್ಕೇ ಇರಬೇಕು. ಲೇಬರ್ ಟೇಬಲ್ ಪಕ್ಕ ನಿಂತು ಮೇಲಿನಿಂದ ನೋಡಿದ್ದು ಲೆಕ್ಕಕ್ಕಿಲ್ಲ.

ಪ್ರತಿ ಬ್ಯಾಚಿನಿಂದ ನಾಲ್ಕೈದು ಡ್ರೇಪ್ ತೆಗೆದು, ಮೆಷರಿಂಗ್ ಸಿಲಿಂಡರಿನಿಂದ 100 ಎಂಎಲ್‌ನಂತೆ ನೀರು ಹುಯ್ದು ಗೆರೆ ಪರೀಕ್ಷಿಸಿ. ರಕ್ತ ನೀರಿಗಿಂತ ಮೂರು ನಾಲ್ಕು ಪಟ್ಟು ಸ್ನಿಗ್ಧ (ನಿಧಾನ ಹರಿಯುವಂಥದ್ದು) ನಿಜ, ಆದರೆ ನಿಂತ ದ್ರವದ ಗಾತ್ರಕ್ಕೂ ಸ್ನಿಗ್ಧತೆಗೂ ಸಂಬಂಧವಿಲ್ಲ. ನೀರೇ ಸಾಕು. ಸ್ನಿಗ್ಧತೆ ಕಾಟ ಕೊಡುವುದು ಬೇರೆ ಕಡೆ: ಪ್ಲಾಸ್ಟಿಕ್ಕಿಗೆ ಅಂಟಿ ಉಳಿಯುವ ಪದರದಲ್ಲಿ. ಅರ್ಧ ಚದರ ಮೀಟರ್ ಹಾಳೆಯ ಮೇಲೆ 0.05 ಮಿ.ಮೀ. ದಪ್ಪದ ಪದರ ನಿಂತರೂ ಅದು 25 ಎಂಎಲ್. ಗೆರೆ ಇದನ್ನು ಕಾಣುವುದಿಲ್ಲ, ತಕ್ಕಡಿ ಕಾಣುತ್ತದೆ.

ಗ್ರಾಂ ಅನ್ನೇ ಎಂಎಲ್ ಎನ್ನಬೇಡಿ. ರಕ್ತದ ಸಾಂದ್ರತೆ ಸುಮಾರು 1.06, ಹಾಗಾಗಿ 530 ಗ್ರಾಂ ಅಂದರೆ 500 ಎಂಎಲ್. ಭಾಗಿಸದೆ ಬಿಟ್ಟರೆ 472 ಎಂಎಲ್ ದಾಟಿದವರೆಲ್ಲ ನಿಮ್ಮ ತಖ್ತೆಯಲ್ಲಿ ಪಿಪಿಎಚ್ ಆಗಿಬಿಡುತ್ತಾರೆ.

ಅಂಕಿಸಂಖ್ಯೆ:
ಅಳತೆಗಿಂತ ಮೊದಲು ವಿನ್ಯಾಸ ಸರಿಪಡಿಸಿ, ಇಲ್ಲದಿದ್ದರೆ ಥೀಸಿಸ್ ಉಲ್ಟಾ ಉತ್ತರ ಕೊಡುತ್ತದೆ. ಡ್ರೇಪ್ ಗುಂಪಿನಲ್ಲಿ ಪಿಪಿಎಚ್ "ಹೆಚ್ಚು" ಕಾಣುತ್ತದೆ. ಅಲ್ಲಿನವರಿಗೆ ರಕ್ತ ಹೆಚ್ಚು ಹೋದದ್ದಕ್ಕಲ್ಲ, ಹೋದದ್ದು ಲೆಕ್ಕಕ್ಕೆ ಸಿಕ್ಕಿದ್ದಕ್ಕೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡ ಪಾಲುಗೊಂಡು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಣ್ಣಂದಾಜು ಡ್ರೇಪಿಗಿಂತ ಶೇ. 33 ಕಡಿಮೆ ಬಂದಿತ್ತು. ಅದೇ ವರ್ಷ ಲ್ಯಾನ್ಸೆಟ್‌ನಲ್ಲಿ ಬಂದ ಬೆಳಗಾವಿ ಜಿಲ್ಲೆಯ ಮಿಸೊಪ್ರೊಸ್ಟಾಲ್ (ಪಿಪಿಎಚ್ ತಡೆಯುವ ಮಾತ್ರೆ) ಟ್ರಯಲ್‌ನಲ್ಲಿ 1,620 ಮಹಿಳೆಯರಿದ್ದರು. ಪಿಪಿಎಚ್ ಶೇ. 12ರಿಂದ 6.4ಕ್ಕೆ ಇಳಿಯಿತು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಎರಡೂ ಗುಂಪಿಗೆ ಒಂದೇ ಡ್ರೇಪ್ ಹಾಕಿದ್ದರಿಂದ.

ಗೆರೆಯಿರುವ ಡ್ರೇಪಿನಿಂದ ಬೇಗ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟ ಇ-ಮೋಟಿವ್ ಟ್ರಯಲ್ ನೋಡಿ: ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳು, 2 ಲಕ್ಷಕ್ಕೂ ಮಿಕ್ಕ ಹೆರಿಗೆಗಳು, 2023ರ ಪ್ರಕಟಣೆ. ಹೋಲಿಕೆಯ ಆಸ್ಪತ್ರೆಗಳಲ್ಲೂ ರಕ್ತ ಹಿಡಿದರು, ಆದರೆ ಗೆರೆಯಿಲ್ಲದ ಡ್ರೇಪಿನಲ್ಲಿ, ಆಮೇಲೆ ತೂಕ ಮಾಡಿದರು. ಚಿಕಿತ್ಸೆ ಕೊಡುವವರಿಗೆ ಗೆರೆ ಕಾಣದು, ಸಂಶೋಧಕರಿಗೆ ಅಳತೆ ತಪ್ಪದು. ಹಾಗಾಗಿಯೇ ಗೆರೆಯಿದ್ದಲ್ಲಿ ಮತ್ತು ಇಲ್ಲದಲ್ಲಿ ಕ್ರಮವಾಗಿ ಪಿಪಿಎಚ್ ಪತ್ತೆ ಶೇ. 93.1 ಮತ್ತು 51.1, ತೀವ್ರ ಪರಿಣಾಮಗಳು ಶೇ. 1.6 ಮತ್ತು 4.3 ಎಂದು ಎದುರುಬದುರು ಇಡಲು ಬಂತು. ಪತ್ತೆ ಮಾಡಿದ್ದರಿಂದಷ್ಟೇ ಇದು ಆಗಲಿಲ್ಲ ಎನ್ನುವುದನ್ನೂ ಬರೆಯಿರಿ. ಗರ್ಭಕೋಶ ನೀವುವುದು, ಅದನ್ನು ಬಿಗಿಯಾಗಿಸುವ ಆಕ್ಸಿಟೋಸಿನ್, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಐವಿ, ಪರೀಕ್ಷೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು.

ಒಂದೇ ಲೇಬರ್ ರೂಮಿನಲ್ಲಿ ಎರಡು ಗುಂಪು ಮಾಡಿದರೆ ಡ್ರೇಪ್ ನೋಡಿ ಪಳಗಿದ ಕಣ್ಣು ಮರುದಿನದ ಕಣ್ಣಂದಾಜನ್ನೂ ತಿದ್ದುತ್ತದೆ. ನಿಮಗೆ ಸಾಧ್ಯವಿರುವುದು ಗುಂಪುಗಳನ್ನಲ್ಲ, ಎರಡು ಅಳತೆ ವಿಧಾನಗಳನ್ನು ಹೋಲಿಸುವ ಅಧ್ಯಯನ: ಪ್ರತಿ ಬಾಣಂತಿಗೂ ಡ್ರೇಪ್, ಗೆರೆ ಓದುವುದು ಒಬ್ಬರು, ತೂಕ ಮಾಡುವುದು ಅದನ್ನು ನೋಡದ ಇನ್ನೊಬ್ಬರು. ವಿಶ್ಲೇಷಣೆಗೆ ಬ್ಲ್ಯಾಂಡ್–ಆಲ್ಟ್‌ಮನ್ (ಎರಡು ಅಳತೆಗಳ ನಡುವಿನ ವ್ಯತ್ಯಾಸ ನೋಡುವ ವಿಧಾನ); ಬರೀ ಕೋರಿಲೇಷನ್ (ಎರಡೂ ಒಟ್ಟಿಗೆ ಏರಿಳಿಯುತ್ತವೆಯೇ ಎಂಬುದು) ಕೊಟ್ಟರೆ ಪರೀಕ್ಷಕರು ಬಿಡುವುದಿಲ್ಲ. ರಕ್ತನಷ್ಟದ ಹಂಚಿಕೆ ಬಲಕ್ಕೆ ಎಳೆದುಕೊಂಡಿರುತ್ತದೆ (ಕೆಲವರದು ಮಾತ್ರ ತೀರಾ ಹೆಚ್ಚು), ಲಾಗ್ (ಲಾಗರಿದಮ್) ತೆಗೆಯಿರಿ. ಅಂದಾಜಿಗೆ ದುಂಡು ಅಂಕಿ ಬರೆದು 250, 300, 500ರಲ್ಲಿ ಓದುಗಳು ಗುಡ್ಡೆ ಬಿದ್ದಿವೆಯೇ ಎಂದು ಹಿಸ್ಟೋಗ್ರಾಂ ಹಾಕಿ ನೋಡಿ.

ಸ್ಟಾಫ್‌ನರ್ಸ್_ಎಲ್‌ಆರ್:
ಕಾಗದದ ಮೇಲೆ ಎಲ್ಲ ಸರಿ ಮೇಡಂ, ಕೆಡುವುದು ಡ್ರೇಪ್ ಹಾಕುವ ಹೊತ್ತಿನಲ್ಲಿ. ಮೊದಲೇ ಹಾಸಿಟ್ಟರೆ ಗರ್ಭದ ನೀರೆಲ್ಲ ಚೀಲಕ್ಕೇ ಇಳಿಯುತ್ತದೆ. ಮಗು ಈಚೆ ಬಂದು ನೀರು ಹರಿದು ಹೋದ ಕೂಡಲೇ, ಮಾಸು ಬೀಳುವ ಮೊದಲು, ಸೊಂಟ ಎತ್ತಿಸಿ ಒಳಗೆ ಸರಿಸಬೇಕು. ಇದಕ್ಕೆ ಇನ್ನೊಬ್ಬರ ಕೈ ಬೇಕೇ ಬೇಕು.

ಮಾಸು ಟ್ರೇಗೆ ಬೀಳಲಿ, ಚೀಲಕ್ಕೆ ಬೇಡ. ಅದೇ ಸುಮಾರು ಅರ್ಧ ಕೆ.ಜಿ. ಇರುವುದರಿಂದ ಗೆರೆ ಒಮ್ಮೆಲೇ 500 ಎಂಎಲ್ ಏರಿಬಿಡುತ್ತದೆ. ಟ್ರೇಯಲ್ಲಿ ನಿಂತ ರಕ್ತವನ್ನು ಮಾತ್ರ ಚೀಲಕ್ಕೆ ಸುರಿಯಿರಿ. ಹೆಪ್ಪುಗಟ್ಟಿದ ಗಡ್ಡೆ ಸೊಂಟದ ಅಡಿಯ ಮಡಿಕೆಯಲ್ಲೇ ಕೂತಿರುತ್ತದೆ, ಓದುವ ಮುನ್ನ ಕೈಯಿಂದ ಕೆಳಗೆ ದಬ್ಬಿ. ಮೂತ್ರ ಹೋದರೆ ಫಾರ್ಮಿನಲ್ಲಿ ಗುರುತು ಹಾಕಿ. ಮೊದಲ ಒಂದು ಗಂಟೆ, 15 ನಿಮಿಷಕ್ಕೊಮ್ಮೆ ಗೆರೆ, ನಾಡಿ, ಬಿಪಿ, ಗರ್ಭಕೋಶ ಗಟ್ಟಿಯಿದೆಯೇ ಎಂಬುದು. ಸ್ರಾವ ನಿಲ್ಲದಿದ್ದರೆ ಎರಡು ಗಂಟೆ.

ಗಾಜ್ ಬಟ್ಟೆ, ಮಾಪ್, ಪ್ಯಾಡ್ ಒಣಗಿದ್ದಾಗ ಹತ್ತತ್ತು ತೂಗಿ ಸರಾಸರಿ ಬರೆದಿಡಿ, ನೆನೆದ ತೂಕದಿಂದ ಅದನ್ನು ಕಳೆಯಬೇಕು. ಬಂಡಲ್ ಬದಲಾದರೆ ಮತ್ತೆ ತೂಗಿ. ಎಪಿಸಿಯೊಟಮಿ (ಹೆರಿಗೆಗೆ ದಾರಿ ಮಾಡಲು ಹಾಕುವ ಕತ್ತರಿ ಗಾಯ) ರಕ್ತ ಬಹುಪಾಲು ಗಾಜ್ ಬಟ್ಟೆಯಲ್ಲೇ ಇರುತ್ತದೆ, ಚೀಲಕ್ಕೆ ಬರುವುದಿಲ್ಲ.

ತೂಕಕ್ಕೆ ಕಾದು ಚಿಕಿತ್ಸೆ ತಡ ಮಾಡುವಂತಿಲ್ಲ, ಇದು ಪ್ರೋಟೋಕಾಲ್‌ನಲ್ಲಿ ಸ್ಪಷ್ಟವಾಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯಂತೆ 300 ಎಂಎಲ್ ಜೊತೆ ನಾಡಿ 100 ಮೀರಿದ್ದರೆ ಅಥವಾ ಬಿಪಿ ಕುಸಿದಿದ್ದರೆ ಆಗಲೇ ಕ್ರಮ, 500ರ ತನಕ ಕಾಯುವುದಲ್ಲ.

ಒಬಿಜಿ_ಪಿಜಿ:
ಎಲ್ಲರಿಗೂ ಧನ್ಯವಾದ, ಗುಂಪು ಮಾಡುವ ಯೋಜನೆ ಕೈಬಿಟ್ಟೆ. ಅಷ್ಟಾದರೂ ಗರ್ಭದ ನೀರು ಚೀಲದ ರಕ್ತಕ್ಕೆ ಸೇರಿದರೆ ಬೇರ್ಪಡಿಸುವ ದಾರಿ ಇದೆಯೇ?

ಹರಿವು:
ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಬಳಸಿ. ಚೀಲದಲ್ಲಿ 700 ಎಂಎಲ್, ಅದರ ಪಿಸಿವಿ 24, ತಾಯಿಯದು 36 ಎಂದಾದರೆ ರಕ್ತ 700 × 24 ÷ 36, ಸುಮಾರು 467 ಎಂಎಲ್. ಆದರೆ ಹೆಪ್ಪುಗಟ್ಟಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ, ಕಣಗಳೆಲ್ಲ ಗಡ್ಡೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಆಗ ಆಲ್ಕಲೈನ್ ಹೆಮಟಿನ್ ವಿಧಾನ: ಶೇ. 5 ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ 550 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಓದುವುದು. ಎಲ್ಲರಿಗೂ ಮಾಡಲಾಗದು, ಆಯ್ದ ಕೆಲವರಿಗೆ ಮಾಡಿ ತೂಕದ ವಿಧಾನವನ್ನು ಪರೀಕ್ಷಿಸಿಕೊಳ್ಳಿ.

ಲೆಕ್ಕಪತ್ರ:
ಖರ್ಚಿಗೆ ಮೊದಲು ಯಾರ ಖರ್ಚು ಎಂದು ತೀರ್ಮಾನಿಸಿ. ಸರ್ಕಾರದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಬಾಣಂತಿಗೆ ರಕ್ತ ಉಚಿತ, ಸರ್ಕಾರಕ್ಕೆ ಉಚಿತವಲ್ಲ. ಆಸ್ಪತ್ರೆಯ ಕಡೆಯಿಂದ ನೋಡುವುದಾದರೆ ಡ್ರೇಪ್, ಸಿಬ್ಬಂದಿಯ ನಿಮಿಷಗಳು, ತರಬೇತಿ, ತಕ್ಕಡಿ, ತ್ಯಾಜ್ಯ ವಿಲೇವಾರಿ ಬರುತ್ತವೆ. ನಿಮ್ಮ ಡೇಟಾ ಎಂಟ್ರಿಯವರ ಸಂಬಳ ಬೇಡ, ಅದು ಸಂಶೋಧನೆಯ ಖರ್ಚು.

ತಕ್ಕಡಿಯ ಬೆಲೆಯನ್ನು ಒಂದೇ ವರ್ಷದ ಮೇಲೆ ಹೇರಬೇಡಿ. 5 ವರ್ಷ ಬಾಳಿಕೆ, ಶೇ. 3 ಡಿಸ್ಕೌಂಟ್ (ಮುಂದಿನ ವರ್ಷಗಳ ಹಣಕ್ಕೆ ಕಡಿಮೆ ಬೆಲೆ ಕಟ್ಟುವ ದರ) ಹಿಡಿದರೆ ಬೆಲೆಯನ್ನು ಭಾಗಿಸಬೇಕಾದ ಸಂಖ್ಯೆ 4.58. ₹4,580ರ ತಕ್ಕಡಿ ವರ್ಷಕ್ಕೆ ₹1,000, ವರ್ಷಕ್ಕೆ 2,000 ಹೆರಿಗೆಯಿದ್ದರೆ ತಲಾ 50 ಪೈಸೆ. ಡ್ರೇಪಿನದು ಬೇರೆ ಕಥೆ: ಅದು ಎಲ್ಲರಿಗೂ ಬೇಕು, ಪ್ರಯೋಜನ ಕೆಲವರಿಗೆ. ಉದಾಹರಣೆಗೆ ₹100ರಂತೆ 1,000 ಹೆರಿಗೆಗೆ ₹1,00,000, ಕಣ್ಣಂದಾಜು ಬಿಟ್ಟಿದ್ದ 30 ಪಿಪಿಎಚ್ ಹೆಚ್ಚುವರಿಯಾಗಿ ಸಿಕ್ಕರೆ ಒಂದಕ್ಕೆ ₹3,333. ಈ 30 ಎನ್ನುವುದನ್ನು 15ಕ್ಕೂ 60ಕ್ಕೂ ಬದಲಿಸಿ ಮತ್ತೆ ಲೆಕ್ಕ ಮಾಡಿ, ಫಲಿತಾಂಶ ಅದರ ಮೇಲೇ ನಿಂತಿದೆ. ನಿಮ್ಮ ವಿನ್ಯಾಸದಲ್ಲಿ ಹೋಲಿಕೆಯ ಗುಂಪಿಲ್ಲದ್ದರಿಂದ "ಪತ್ತೆಯಾದ ಒಂದು ಪಿಪಿಎಚ್‌ಗೆ ಎಷ್ಟು" ಎಂಬಲ್ಲಿಗೆ ನಿಲ್ಲಿಸಿ, ಉಳಿದ ಜೀವಕ್ಕೆ ಎಷ್ಟು ಎಂಬ ಅಂಕಿಗೆ ಹೋಗಬೇಡಿ.