ತಲೆ ಬದಲಾಯಿಸುವ ಮಾಪ್: ನಮ್ಮ ಮಳೆಗೆ ಯಾವುದು ತಡೆಯುತ್ತದೆ? ಬಳಸಿದವರು ಹೇಳಿ

ಮಳೆಮನೆ (ಮಡಿಕೇರಿ)

ನಮಸ್ಕಾರ. ನಮ್ಮದು ಹಳೇ ಮನೆ. ಜಗಲಿ ರೆಡ್ ಆಕ್ಸೈಡ್ ನೆಲ, ಒಳಗೆ ಟೈಲ್ಸ್. ಮೂರು ರೂಮು ಹೋಂಸ್ಟೇಗೆ ಕೊಡುತ್ತೇವೆ. ಕೆಲಸದವರು ಬರುವುದು ವಾರಕ್ಕೆ ಎರಡೇ ದಿನ. ಉಳಿದ ದಿನ ನಾನು, ನಾನಿಲ್ಲದಿದ್ದರೆ ಅತ್ತೆ. ಅತ್ತೆಗೆ ಮಂಡಿ ನೋವು, ಬಗ್ಗಲು ಆಗುವುದಿಲ್ಲ. ಪ್ರತಿ ಮಳೆಗಾಲಕ್ಕೂ ಒಂದು ಮಾಪ್ ಇಡಿಯಾಗಿ ಬಿಸಾಡುತ್ತಿದ್ದೇನೆ. ಕೋಲು ಹೊಸದರ ಹಾಗೇ ಇರುತ್ತದೆ, ದಾರ ಮಾತ್ರ ಕೊಳೆತು ನಾರುತ್ತದೆ. ತಲೆ ಮಾತ್ರ ಬದಲಾಯಿಸುವಂಥದ್ದು ತಗೊಳ್ಳೋಣ ಅಂತಿದ್ದೇನೆ. 1,500 ರೂಪಾಯಿ ಒಳಗೆ. ಯಾವ ಥರದ ಹಿಡಿಕೆ ಒಳ್ಳೆಯದು?

ರೋಬಸ್ಟಾ ರಾಯ (ಸಿದ್ದಾಪುರ)

ಅಕ್ಕ, ಒಂದೇ ಮಾತು. ಗಿರಗಿರ ತಿರುಗುವ ಬಕೆಟ್ ಇರುವ ಸ್ಪಿನ್ ಮಾಪ್ ಮಾತ್ರ ತಗೋಬೇಡಿ. ನನ್ನ ಕಥೆ ಕೇಳಿ.

ಹೋದ ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ತರಿಸಿದೆ. 1,349. ವಿಡಿಯೋದಲ್ಲಿ ಒಬ್ಬಳು ಹೈ ಹೀಲ್ಸ್ ಹಾಕಿಕೊಂಡು ಪೆಡಲ್ ತುಳಿಯುತ್ತಿದ್ದಳು. ನಾನು ಗಮ್‌ಬೂಟ್‌ನಲ್ಲಿ ತುಳಿದೆ. ಮೂರನೇ ವಾರಕ್ಕೆ ಪೆಡಲ್ ಒಳಗಿನ ಪ್ಲಾಸ್ಟಿಕ್ ಹಲ್ಲು ಕಟ್. ಸರಿ, ಕೋಲನ್ನೇ ಒತ್ತಿದರೂ ತಿರುಗುತ್ತದಲ್ಲ ಅಂತ ಅದೇ ಮಾಡಿದೆ. ಜುಲೈಗೆ ತಲೆ ಬದಲಾಯಿಸುವ ಹೊತ್ತು ಬಂತು. ರಿಫಿಲ್ ಎರಡರ ಪ್ಯಾಕೆಟ್ 280. ಬಂತು, ಕೂರಲಿಲ್ಲ. ಸ್ಕೇಲ್ ಇಟ್ಟು ಅಳೆದೆ. ನನ್ನ ಕೋಲಿನ ಕೆಳಗಿನ ತಟ್ಟೆ 15.5 ಸೆಂಟಿಮೀಟರ್, ರಿಫಿಲ್‌ನ ಬಳೆ 16ರದ್ದು. ಅರ್ಧ ಸೆಂಟಿಮೀಟರ್! ನೋಡೋಕೆ ಎರಡೂ ಒಂದೇ. ವಾಪಸ್ ಕಳಿಸಲು ಕೊರಿಯರ್‌ಗೆ 90 ಕೊಟ್ಟೆ. ಅವರು "ಪ್ಯಾಕೆಟ್ ಒಡೆದಿದ್ದೀರಿ" ಅಂತ ತಿರುಗಿ ಕಳಿಸಿದರು. ಒಡೆಯದೆ ಹಾಕಿ ನೋಡುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಮತ್ತೆ 320 ಕೊಟ್ಟು ಬೇರೆ ತರಿಸಿದೆ. ಕೂತಿತು, ಆದರೆ ಒರೆಸುವಾಗ ಪಟ್ ಅಂತ ಕಳಚಿ ಮಂಚದ ಕೆಳಗೆ ಹೋಗಿ ಬೀಳುತ್ತಿತ್ತು. ಅಂಟು ಹಾಕಿದೆ, 60. ಆಮೇಲೆ ಆ ತಲೆಯೂ ಸವೆಯಿತು, ಅಂಟಿಸಿದ್ದರಿಂದ ತೆಗೆಯಲು ಬರಲಿಲ್ಲ. ಕೊನೆಗೆ ಸಂತೆಯಲ್ಲಿ 160ರ ಮಾಮೂಲಿ ದಾರದ ಮಾಪ್.

ಕೂಡಿಸಿ ನೋಡಿ. 2,259 ರೂಪಾಯಿ. ಬಕೆಟ್‌ನಲ್ಲಿ ಈಗ ನಾಯಿಗೆ ನೀರು.

ಆರು ರೂಮಿನವ (ಸೋಮವಾರಪೇಟೆ)

ಸ್ಪಿನ್ ಮಾಪ್ ಬೆಂಗಳೂರಿನ ಫ್ಲ್ಯಾಟ್‌ಗೆ ಮಾಡಿದ್ದು ರಾಯರೇ. ನಮ್ಮ ಕೆಂಪು ಮಣ್ಣಿಗಲ್ಲ. ಗಮ್‌ಬೂಟ್‌ನಲ್ಲಿ ತುಳಿದರೆ ಪ್ಲಾಸ್ಟಿಕ್ ಏನು ಮಾಡೀತು ಪಾಪ.

ನಾನು ಒಂಬತ್ತು ವರ್ಷದಿಂದ ಕ್ಲಿಪ್ ಮಾಪ್. ಆಸ್ಪತ್ರೆ, ರೈಲ್ವೆ ಸ್ಟೇಷನ್‌ನಲ್ಲಿ ಇರುತ್ತದಲ್ಲ, ಅಗಲ ದವಡೆಯ ಹಿಡಿಕೆ, ಅದೇ. ದವಡೆ ತೆಗೆದು, ಹತ್ತಿ ದಾರದ ತಲೆಯ ನಡುಪಟ್ಟಿಯನ್ನು ಇಟ್ಟು, ನಟ್ ಬಿಗಿದರೆ ಮುಗಿಯಿತು. ಅಳತೆ ಗಿಳತೆ ಏನೂ ಇಲ್ಲ. ಯಾವ ಅಂಗಡಿಯ ತಲೆಯಾದರೂ ಕೂರುತ್ತದೆ, ಇದು ಗೊತ್ತಿರಲಿ. ನಾನು 400 ಗ್ರಾಮಿನದ್ದು ಹಾಕುತ್ತೇನೆ. ದಾರದ ತುದಿ ಕತ್ತರಿಸಿದ್ದು ಬೇಡ, ಕುಣಿಕೆ ಹಾಕಿ ಹೊಲಿದದ್ದು ತಗೊಳ್ಳಿ. ಕತ್ತರಿಸಿದ್ದರ ಎಳೆ ಉದುರಿ ಮನೆ ತುಂಬ ಬೆಕ್ಕಿನ ಕೂದಲಿನ ಹಾಗೆ ಅಂಟಿಕೊಳ್ಳುತ್ತದೆ.

ಮೊದಲು ಕಬ್ಬಿಣದ ದವಡೆ ತಗೊಂಡು ಮೋಸ ಹೋದೆ. ಒಂದೇ ಮಳೆಗಾಲಕ್ಕೆ ತುಕ್ಕು. ರಾತ್ರಿ ಗೋಡೆಗೆ ಒರಗಿಸಿಟ್ಟಿದ್ದು, ಬೆಳಿಗ್ಗೆ ಬಿಳಿ ಟೈಲ್ಸ್ ಮೇಲೆ ಕಂದು ಕಲೆ. ಅದನ್ನು ತೆಗೆಯಲು ನಿಂಬೆಹುಳಿ, ಆಸಿಡ್, ಇಟ್ಟಿಗೆ ಪುಡಿ ಎಲ್ಲ ಹಾಕಿ ನೋಡಿದೆ. ಇವತ್ತಿಗೂ ನಾಲ್ಕನೇ ರೂಮಿನಲ್ಲಿದೆ, ಮೇಲೆ ಕಾಲೊರಸು ಹಾಸಿದ್ದೇನೆ. ಈಗ ಪ್ಲಾಸ್ಟಿಕ್ ದವಡೆ, 350. ಅದರ ನಟ್ ಅಂಗಳದಲ್ಲಿ ಕಳೆದುಹೋಯಿತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಹಳೇ ನಟ್ ಒಂದು ಹಾಕಿದ್ದೇನೆ, ಸರಿಯಾಗಿ ಕೂತಿದೆ.

ಟೀಚರಮ್ಮ (ವಿರಾಜಪೇಟೆ)

ಆರು ರೂಮಿನವರೇ, ಒದ್ದೆಯಾದ 400 ಗ್ರಾಮ್ ದಾರವನ್ನು ಹಿಂಡುವವರು ಯಾರು? ಅದನ್ನು ಹೇಳಲೇ ಇಲ್ಲ ನೀವು.

ಆರು ರೂಮಿನವ

ಹಿಂಡುವ ಬಕೆಟ್ ಇದೆಯಲ್ಲ ಮೇಡಂ. ಹಿಡಿ ಎಳೆದರೆ ಒತ್ತುತ್ತದೆ.

ಟೀಚರಮ್ಮ

ಎಷ್ಟು ಅದಕ್ಕೆ?

ಆರು ರೂಮಿನವ

2,800. ಆದರೆ ಅದು ಒಂದು ಸಲದ ಖರ್ಚು.

ಟೀಚರಮ್ಮ

ನೋಡಿ! ಕೇಳಿದವರು 1,500 ಅಂದಿದ್ದಾರೆ. 350 ಅಂತ ಶುರು ಮಾಡಿದಿರಿ, ಒಳಗೆ 2,800 ಅಡಗಿಸಿಟ್ಟಿದ್ದೀರಿ. ಕೋಲಿನ ದುಡ್ಡು ಬೇರೆ ಇರಬೇಕು.

ನಾನು ಚಪ್ಪಟೆ ಮಾಪ್ ತಗೊಂಡೆ. 40 ಸೆಂಟಿಮೀಟರ್ ಹಲಗೆ, ಕೆಳಗೆ ಚರ್ರ್ ಅಂತ ಅಂಟುವ ವೆಲ್ಕ್ರೋ, ಅದಕ್ಕೆ ಮೈಕ್ರೋಫೈಬರ್ ಬಟ್ಟೆ. 899. ಬಟ್ಟೆ ಇನ್ನೂ ಐದು ತಗೊಂಡೆ, ಒಂದಕ್ಕೆ 150. ಗುಟ್ಟು ಇರುವುದು ಇಲ್ಲೇ. ನಮ್ಮ ಜೂನ್ ಜುಲೈನಲ್ಲಿ ಯಾವ ಮಾಪೂ ಒಂದು ದಿನಕ್ಕೆ ಒಣಗುವುದಿಲ್ಲ. ಒಂದೇ ತಲೆ ಇದ್ದರೆ ಅದು ಮೂರು ದಿನ ಒದ್ದೆಯಾಗಿಯೇ ಇರುತ್ತದೆ, ನಾಲ್ಕನೇ ದಿನಕ್ಕೆ ಬೂಷ್ಟು. ಐದಾರು ಇದ್ದರೆ ಸರದಿ ಬರುವಷ್ಟರಲ್ಲಿ ಹಳೆಯದು ಒಣಗಿರುತ್ತದೆ.

ಪೆಟ್ಟು ನನಗೂ ಬಿದ್ದಿದೆ. ಕೆಲಸಕ್ಕೆ ಬರುವ ಹುಡುಗಿ ಪ್ರೀತಿಯಿಂದ ಬಟ್ಟೆಗೆ ಘಮ ಬರಲಿ ಅಂತ ಕಂಡೀಷನರ್ ಹಾಕಿ ಒಗೆದಳು. ಅವತ್ತಿನಿಂದ ಬಟ್ಟೆ ನೀರು ಕುಡಿಯುವುದನ್ನೇ ಬಿಟ್ಟಿತು. ಒರೆಸಿದರೆ ನೀರು ಆ ಕಡೆಯಿಂದ ಈ ಕಡೆಗೆ ಹೋಗುತ್ತದೆ ಅಷ್ಟೆ. ಎಳೆಗಳ ಮೇಲೆ ಎಣ್ಣೆಯ ಹಾಗೆ ಪದರ ಕೂರುತ್ತದಂತೆ. ಬಿಸಿನೀರಿನಲ್ಲಿ ನಾಲ್ಕು ಸಲ ಒಗೆದ ಮೇಲೆ ಮೂರು ಬಟ್ಟೆ ಸರಿಹೋದವು. ಎರಡು ಹೋದವು. 300 ರೂಪಾಯಿ ಘಮ.

ಕೋಲು ಮತ್ತು ಹಲಗೆ ಸೇರುವ ಕೀಲು ಇದೆಯಲ್ಲ, ಎಲ್ಲ ಕಡೆ ವಾಲುವಂಥದ್ದು, ಅದು ಪ್ಲಾಸ್ಟಿಕ್ ಆಗಿದ್ದರೆ ಮುರಿಯುತ್ತದೆ. ನಮ್ಮದು ಎರಡನೇ ವರ್ಷ ಮುರಿಯಿತು. ಈಗ ಸೈಕಲ್ ಅಂಗಡಿಯವರು ಒಂದು ಬೋಲ್ಟ್ ತೂರಿಸಿ ಕೊಟ್ಟಿದ್ದಾರೆ. ದುಡ್ಡು ತಗೊಳ್ಳಲಿಲ್ಲ.

ಹಳೇ ಫೌಜಿ (ಪೊನ್ನಂಪೇಟೆ)

ಒಂದು ನೆಲ ಒರೆಸಲು ಇಷ್ಟು ಗಲಾಟೆಯಾ? ಹಳೇ ಲುಂಗಿ ಒಂದು, ಬಕೆಟ್ ನೀರು ಒಂದು, ಮಂಡಿ ಊರಿ ಒರೆಸಿ. ಮೂಲೆ ಮೂಲೆಗೂ ಕೈ ಹೋಗುತ್ತದೆ. ತಲೆ ಬದಲಾಯಿಸಬೇಕಾ? ಲುಂಗಿ ಬದಲಾಯಿಸಿ. ಖರ್ಚು ಸೊನ್ನೆ.

ಟೀಚರಮ್ಮ

ಸರ್, ಅವರ ಅತ್ತೆಗೆ ಮಂಡಿ ನೋವು ಅಂತ ಮೊದಲೇ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ಮಂಡಿ ಊರುವವರು ಯಾರು?

ಹಳೇ ಫೌಜಿ

ಹದಿನೇಳು ವರ್ಷ ಬ್ಯಾರಕ್ ಒರೆಸಿದ್ದೇನೆ ನಾನು. ಇನ್‌ಸ್ಪೆಕ್ಷನ್ ದಿನ ನೆಲದಲ್ಲಿ ಮುಖ ಕಾಣಬೇಕಿತ್ತು.

ಟೀಚರಮ್ಮ

ಅದಲ್ಲ ಸರ್. ಈಗ.

ಕಾವೇರಿ ದಡ (ಭಾಗಮಂಡಲ)

ಟೀಚರಮ್ಮ ಹೇಳಿದ್ದನ್ನು ನಂಬಿ ಮೈಕ್ರೋಫೈಬರ್ ತಗೊಳ್ಳುವವರು ನನ್ನ ಅನುಭವವನ್ನೂ ಓದಿ. ನಮ್ಮಲ್ಲಿ ಮಳೆ ಅಂದರೆ ನಿಮ್ಮ ಮಡಿಕೇರಿ ಮಳೆಯಲ್ಲ. ಸಂಗಮದಲ್ಲಿ ನೀರು ಏರಿದರೆ ರಸ್ತೆಯೇ ಇರುವುದಿಲ್ಲ. ವಾರಗಟ್ಟಲೆ ಬಿಸಿಲಿಲ್ಲ. ಬಟ್ಟೆ ಒಣಗಿಸಲು ನಮಗಿರುವುದು ಒಲೆಯ ಮೇಲಿನ ಅಟ್ಟ ಒಂದೇ. ಹತ್ತಿ ದಾರದ ಮಾಪನ್ನು ಅಲ್ಲೇ ಒಣಗಿಸಿ ರೂಢಿ. ಹೊಗೆ ವಾಸನೆ ಬರುತ್ತದೆ, ಬರಲಿ. ಅದೇ ಅಭ್ಯಾಸದಲ್ಲಿ ಮೈಕ್ರೋಫೈಬರ್ ತಲೆಯನ್ನೂ ಏರಿಸಿದೆ. ಬೆಳಿಗ್ಗೆ ನೋಡಿದರೆ ಮುಳ್ಳುಹಂದಿ! ಎಳೆಯೆಲ್ಲ ಸೆಟೆದು ಕಡ್ಡಿ ಕಡ್ಡಿ. ಮಗ ಪ್ಯಾಕೆಟ್ ಓದಿ ಹೇಳಿದ, ಅದು ಪಾಲಿಯೆಸ್ಟರ್ ಮತ್ತು ನೈಲಾನ್ ಅಮ್ಮ, ಬಟ್ಟೆಯಲ್ಲ ಪ್ಲಾಸ್ಟಿಕ್ ಅಂತ. ಹೊಸ ತಲೆ, ಎಂಟೇ ದಿನ ಆಗಿತ್ತು.

ಅದಕ್ಕೇ ಹೇಳುವುದು, ಒಲೆ ಇರುವ ಮನೆಗೆ ಹತ್ತಿಯೇ ಸರಿ.

ಟೀಚರಮ್ಮ

ಒಲೆಯ ಮೇಲೆ ಇಡಿ ಅಂತ ನಾನು ಎಲ್ಲಿ ಹೇಳಿದೆ?

ಕಾವೇರಿ ದಡ

ಇಡಬೇಡಿ ಅಂತಲೂ ಹೇಳಲಿಲ್ಲ.

ಗ್ಯಾರೇಜ್ ಮಗ (ಕುಶಾಲನಗರ)

ಎಲ್ಲರೂ ತಲೆಯ ಬಗ್ಗೆ ಮಾತಾಡುತ್ತಿದ್ದೀರಿ. ವಿಷಯ ಇರುವುದು ಕುತ್ತಿಗೆಯಲ್ಲಿ. ತಲೆ ಹಿಡಿಯುವ ಜಾಗ ಗಟ್ಟಿ ಇರಬೇಕು, ಆದರೆ ಸುಲಭವಾಗಿ ಬಿಡಲೂಬೇಕು. ಇದು ಹೊಸ ತಲೆನೋವೂ ಅಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಥಾಮಸ್ ಸ್ಟೀವರ್ಟ್ ಎಂಬ ಕಪ್ಪು ಜನಾಂಗದವನು 1893ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದಾನೆ. ತಲೆ ಬಿಚ್ಚಿ ಹಾಕುವ ಹಿಡಿಕೆ, ಜೊತೆಗೆ ಹಿಂಡಲು ಒಂದು ಲಿವರ್. ಕೈ ಒದ್ದೆ ಮಾಡಿಕೊಳ್ಳುವ ಹಾಗೇ ಇಲ್ಲ.

ಅದನ್ನು ಓದಿ ಹುರುಪು ಬಂತು, ನಾನೇ ಒಂದು ಮಾಡಿದೆ. ಮುಕ್ಕಾಲು ಇಂಚಿನ ಜಿಐ ಪೈಪ್, ತುದಿಗೆ ಎರಡು ಪಟ್ಟಿ, ಬೈಕ್ ಕ್ಲಚ್‌ನ ಸ್ಪ್ರಿಂಗ್ ಒಂದು. ಸಾಮಾನಿಗೆ 640, ಕೂಲಿ ನಂದೇ. ದವಡೆ ಎಂಥ ಗಟ್ಟಿ ಅಂದರೆ ಗೋಣಿಚೀಲ ಕಚ್ಚಿಸಿದರೂ ಬಿಡಲ್ಲ.

ರೋಬಸ್ಟಾ ರಾಯ

ಈಗಲೂ ಬಳಸುತ್ತೀರಾ?

ಗ್ಯಾರೇಜ್ ಮಗ

ತೂಕ ಸ್ವಲ್ಪ ಜಾಸ್ತಿ ಆಯಿತು. ಅಮ್ಮ ಒಂದು ದಿನ ಒರೆಸಿದರು. ಈಗ ಹಲಸಿನಹಣ್ಣು ಕೀಳಲು ಇಟ್ಟುಕೊಂಡಿದ್ದೇವೆ.

ಆರು ರೂಮಿನವ

1893ರಿಂದ ನಮಗೇನಾಗಬೇಕು ಮಾರಾಯ? ಅವರು ಕೇಳಿದ್ದು ಜೂನ್‌ಗೆ.

ಗ್ಯಾರೇಜ್ ಮಗ

ನಿಮ್ಮ ಕ್ಲಿಪ್ ಮಾಪ್ ಕೂಡ ಅದೇ ಜಾತಿ. ನಿಮಗೆ ಗೊತ್ತಿಲ್ಲದ್ದಕ್ಕೆ ನಾನೇನು ಮಾಡಲಿ.

ಮಳೆಮನೆ

ಎಲ್ಲರಿಗೂ ಧನ್ಯವಾದ. ಜಗಲಿಯ ರೆಡ್ ಆಕ್ಸೈಡ್‌ಗೆ ಯಾವುದು ಅಂತ ಯಾರಾದರೂ ಹೇಳುತ್ತೀರಾ?

ಕಾವೇರಿ ದಡ

ರೆಡ್ ಆಕ್ಸೈಡ್‌ಗೆ ವಾರಕ್ಕೊಮ್ಮೆ ತೆಂಗಿನೆಣ್ಣೆ ಎರಡು ಹನಿ ಹಾಕಿ ಒರೆಸಿ, ಕನ್ನಡಿ ಆಗುತ್ತದೆ.

ಆರು ರೂಮಿನವ

ಹೋಂಸ್ಟೇ ಜಗಲಿಗೆ ತೆಂಗಿನೆಣ್ಣೆಯಾ? ಗೆಸ್ಟ್ ಜಾರಿ ಸೊಂಟ ಮುರಿದರೆ ನೀವು ಬರುತ್ತೀರಾ? ನಮ್ಮಲ್ಲಿ ಒಬ್ಬರು ಬರೀ ನೀರಿಗೇ ಜಾರಿದ್ದರು, ಎರಡು ದಿನದ ಬಾಡಿಗೆ ಬಿಟ್ಟುಕೊಟ್ಟೆ.

ಕಾವೇರಿ ದಡ

ಎರಡು ಹನಿ ಅಂದೆ. ಎರಡು ಲೀಟರ್ ಅನ್ನಲಿಲ್ಲ. ಐನ್‌ಮನೆಗಳ, ಅದೇ ಕೊಡವರ ಹಿರೀಕರ ಮನೆಗಳ, ನೆಲ ಹೇಗೆ ಹೊಳೆಯುತ್ತದೆ, ಹೋಗಿ ನೋಡಿ. ಈ ಹೋಂಸ್ಟೇ ಬಂದ ಮೇಲೆ ನೆಲಕ್ಕೆಲ್ಲ ಫಿನಾಯಿಲ್ ಸುರಿದು ಹಾಳು ಮಾಡಿದ್ದೀರಿ.

ಆರು ರೂಮಿನವ

ಹೋಂಸ್ಟೇಯವರು ಊಟ ಮಾಡುವುದು ಬೇಡವೇ? ಕಾಳುಮೆಣಸಿನ ರೇಟ್ ಬಿದ್ದಾಗ ಮನೆ ನಡೆಸಿದ್ದು ಆ ಗೆಸ್ಟುಗಳೇ.

ಹಳೇ ಫೌಜಿ

ಗೆಸ್ಟುಗಳು ಬೂಟು ಹೊರಗೆ ಬಿಟ್ಟರೆ ಮಾಪೇ ಬೇಡ. ಅಬ್ಬಿ ಫಾಲ್ಸ್‌ಗೆ ಹೋಗಿ ಬಂದ ಬೂಟಿನಲ್ಲೇ ನಡುಮನೆಗೆ ಬರುತ್ತಾರೆ. ಬೂಟಿನ ಜೊತೆ ಜಿಗಣೆಯೂ ಬರುತ್ತದೆ. ಬೋರ್ಡ್ ಹಾಕಿ.

ಆರು ರೂಮಿನವ

ಮೂರು ಭಾಷೆಯಲ್ಲಿ ಹಾಕಿದ್ದೇನೆ ಸರ್. ಬೋರ್ಡ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಒಳಗೆ ಬರುತ್ತಾರೆ. ಬೂಟಿನಲ್ಲೇ.

ರೋಬಸ್ಟಾ ರಾಯ

2018ರ ಆಗಸ್ಟ್ ಮಳೆಯಲ್ಲಿ ನಮ್ಮ ಅಕ್ಕನ ಮನೆಗೆ ಕೆಸರು ನುಗ್ಗಿತ್ತು. ಅವತ್ತು ಯಾವ ಮಾಪೂ ಇಲ್ಲ, ಹಾರೆ, ಮಂಕರಿ ಅಷ್ಟೇ. ಮೊಣಕಾಲವರೆಗೆ ಕೆಸರು ತೋಡಿ ಹಾಕಿದ ಮೇಲೆ, ಕೊನೆಗೆ ರಬ್ಬರ್ ವೈಪರ್‌ನಲ್ಲಿ ತಳ್ಳಿದ್ದು. ವೈಪರ್ ಒಂದು ಇಟ್ಟುಕೊಳ್ಳಿ ಅಕ್ಕ. ಮೊದಲು ನೀರು ತಳ್ಳಿ, ಆಮೇಲೆ ಮಾಪ್. ತಲೆ ಎರಡರಷ್ಟು ಬಾಳುತ್ತದೆ.

ಟೀಚರಮ್ಮ

ರಾಯರು ಹೇಳಿದ್ದರಲ್ಲಿ ಇದೊಂದು ಕೆಲಸಕ್ಕೆ ಬರುವ ಮಾತು.

ಹಳೇ ಫೌಜಿ

ಟೀಚರಮ್ಮ, ನಿನ್ನೆ ಕೇಳಿದ್ದಿರಿ. ಈಗ ನಮ್ಮ ಮನೆ ನೆಲ ಒರೆಸಲು ಒಬ್ಬರು ಬರುತ್ತಾರೆ. ಅವರನ್ನೇ ಕೇಳಿದೆ. ಕೋಲಿನದ್ದು ತಂದುಕೊಡಿ ಸರ್, ಎರಡು ವರ್ಷದಿಂದ ಹೇಳುತ್ತಿದ್ದೇನೆ ಅಂದರು. ಆ ಚಪ್ಪಟೆ ಮಾಪ್ ಎಲ್ಲಿ ಸಿಗುತ್ತದೆ?

ಟೀಚರಮ್ಮ

ಕೋಲಿನ ಉದ್ದ ನೋಡಿ ತಗೊಳ್ಳಿ ಸರ್. ಅವರ ಗದ್ದದವರೆಗೆ ಬರಬೇಕು. ಗಿಡ್ಡ ಆದರೆ ಮತ್ತೆ ಬಗ್ಗಲೇಬೇಕು.

ಮಳೆಮನೆ

ಕೊನೆಗೂ ವಿಷಯ ಮುಗಿಯಿತು. ನಿನ್ನೆ ಶುಕ್ರವಾರ, ಅತ್ತೆ ಮಡಿಕೇರಿ ಸಂತೆಗೆ ಹೋಗಿ ತಾವೇ ಒಂದು ಮಾಪ್ ತಂದಿದ್ದಾರೆ. ಮರದ ಕೋಲು, ದಾರವನ್ನು ಮೊಳೆ ಹೊಡೆದು ಕೂರಿಸಿದ್ದು. ತಲೆ ಬದಲಾಯಿಸೋದು ಹೇಗೆ ಅತ್ತೆ ಅಂದರೆ, ಮೊಳೆ ಕೀಳು ಅಂದರು.

ಗ್ಯಾರೇಜ್ ಮಗ

ಫೋಟೋ ಹಾಕಿ ಅಕ್ಕ. ಮೊಳೆ ತೆಗೆದು ದವಡೆ ಕೂರಿಸಿ ಕೊಡುತ್ತೇನೆ. ಈ ಸಲ ಅಲ್ಯೂಮಿನಿಯಂ.

ರೋಬಸ್ಟಾ ರಾಯ

ಅಂದಹಾಗೆ ನನ್ನ ಹತ್ತಿರ 16 ಸೆಂಟಿಮೀಟರಿನ ಆ ಎರಡು ರಿಫಿಲ್ ಹಾಗೇ ಇವೆ. ಹೊಸದು. ಯಾರಿಗಾದರೂ ಬೇಕಾ?

ಆರು ರೂಮಿನವ

ಮೈಸೂರಿನಲ್ಲಿ ಮಗಳ ಮನೆಯಲ್ಲಿ ಸ್ಪಿನ್ ಮಾಪ್ ಇದೆ. ಕೂರುತ್ತದೇನೋ. ಎಷ್ಟು?

ರೋಬಸ್ಟಾ ರಾಯ

ಸ್ಪಿನ್ ಮಾಪಾ? ನಿಮ್ಮ ಮಗಳ ಮನೆಯಲ್ಲಾ? 280 ಕೊಟ್ಟಿದ್ದೇನೆ.

ಆರು ರೂಮಿನವ

ಅವಳು ಗಮ್‌ಬೂಟ್ ಹಾಕಲ್ಲ. 100 ಕೊಡುತ್ತೇನೆ.

ರೋಬಸ್ಟಾ ರಾಯ

ಕೊರಿಯರ್ 90 ಸೇರಿಸಿದರೆ ನನಗೇ 370 ಬಿದ್ದಿದೆ. 200.

ಆರು ರೂಮಿನವ

ಪ್ಯಾಕೆಟ್ ಒಡೆದಿದೆಯಲ್ಲ. 120.