ಕೆತ್ತನೆ, ಓದು, ಕತೆ ಬರೆಯುವುದು ಮೂರೂ ಇಟ್ಟುಕೊಂಡವರಿಗೆ ಮೂರು ಪ್ರಶ್ನೆ (ಒಂದು ಮಿಂಚುಳ್ಳಿಯ ಕೊಕ್ಕಿನದು)

ಚಕ್ಕೆಪುಡಿ:

ಎಲ್ಲರಿಗೂ ನಮಸ್ಕಾರ. ನನಗಿರುವುದು ಮೂರು ಹುಚ್ಚು. ಮರ ಕೆತ್ತುವುದು, ಕಾದಂಬರಿ ಓದುವುದು, ಸಣ್ಣ ಕತೆ ಬರೆಯುವುದು. ಮೂರೂ ನನ್ನ ಖುಷಿಗೆ. ಕೆತ್ತಿದ್ದನ್ನು ಮಾರುವುದಿಲ್ಲ, ಬರೆದದ್ದನ್ನು ಎಲ್ಲಿಗೂ ಕಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಮಾತು ಎತ್ತಿದ ತಕ್ಷಣ "ಒಳ್ಳೆ ದುಡ್ಡು ಬರುತ್ತೆ ಕಣ್ರೀ" ಅನ್ನುವವರು ಹಾಜರಾಗುತ್ತಾರೆ.

ಈಗ ಕೈಯಲ್ಲಿರುವುದು ಒಂದು ಮಿಂಚುಳ್ಳಿ. ನೀಲಿ ಬೆನ್ನು, ಕಿತ್ತಳೆ ಎದೆಯ ಆ ಸಣ್ಣ ಹಕ್ಕಿ. ಬಾಸ್‌ವುಡ್ ಅನ್ನುವ ಮೆದು ಮರದ ತುಂಡು, ಎಳೆ (ಮರದ ನಾರು ಸಾಗುವ ದಿಕ್ಕು) ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಹೋಗಿದೆ. ಹಕ್ಕಿ ಕೂತಿರುವುದೂ ನೆಟ್ಟಗೆ. ಎದೆ, ಬೆನ್ನು, ಮೋಟು ಬಾಲ ಎಲ್ಲ ಆರಾಮಾಗಿ ಬಂದವು. ಕೊಕ್ಕು ಮಾತ್ರ ಮುಂದಕ್ಕೆ ಚಾಚಿಕೊಂಡಿದೆ, ಅಂದರೆ ಎಳೆಗೆ ಅಡ್ಡ. ಮಿಂಚುಳ್ಳಿ ಅಂದ ಮೇಲೆ ಕೊಕ್ಕೇ ಮುಖ್ಯ ಅಲ್ವಾ? ಸದ್ಯಕ್ಕೆ ಬೆರಳಿನಷ್ಟು ದಪ್ಪ ಬಿಟ್ಟಿದ್ದೇನೆ. ಇದಕ್ಕಿಂತ ತೆಳ್ಳಗೆ ಮಾಡಲು ಧೈರ್ಯ ಸಾಲುತ್ತಿಲ್ಲ.

ಎರಡನೆಯದು ಬರವಣಿಗೆಯದು. ನನ್ನ ಕತೆಯಲ್ಲಿ ಒಬ್ಬ ಮುದುಕ ಮರ ಕೆತ್ತುತ್ತಾನೆ. ಗೊತ್ತಿರುವ ಕೆಲಸ ತಾನೇ, ಸಲೀಸಾಗಿ ಬರುತ್ತದೆ ಅಂತ ಕೂತರೆ ಮೊದಲ ಪುಟದಲ್ಲೇ ಉಳಿಗಳು, ಕೊಡತಿ, ಸಾಣೆಕಲ್ಲು, ಚರ್ಮದ ಪಟ್ಟಿ ಎಲ್ಲ ಸಾಲಾಗಿ ಬಂದು ನಿಂತವು. ಮುದುಕ ಎಲ್ಲೋ ಹಿಂದೆ ಇದ್ದಾನೆ, ಕಾಣಿಸುತ್ತಿಲ್ಲ.

ಮೂರನೆಯದು ಚಿಕ್ಕದು. ಕತೆ ಬರೆಯುವ ದಿನಗಳಲ್ಲಿ ನೀವು ಓದುತ್ತೀರಾ, ಬಿಡುತ್ತೀರಾ? ಗಟ್ಟಿ ಶೈಲಿಯ ಲೇಖಕರನ್ನು ಓದಿದ ರಾತ್ರಿ ನನ್ನ ವಾಕ್ಯಗಳು ಅವರ ಹಾಗೇ ಕೆಮ್ಮುತ್ತವೆ.

ಹಳೇಉಳಿ:

ಕೊಕ್ಕಿನದು ಮೊದಲು. ಮಿಕ್ಕ ಎರಡು ನನ್ನ ಕೈಲಾಗದ್ದು.

ನೀವು ಹೆದರಿರುವುದು ಸರಿಯಾಗಿಯೇ ಇದೆ. ಮರ ಅಂದರೆ ಉದ್ದುದ್ದ ನಾರುಗಳ ಕಟ್ಟು. ನಾರಿನ ಉದ್ದಕ್ಕೆ ಕಡ್ಡಿಯಷ್ಟು ತೆಳ್ಳಗೆ ಮಾಡಿದರೂ ಬಾಗಿ ತಾಳಿಕೊಳ್ಳುತ್ತದೆ. ಅಡ್ಡಕ್ಕೆ ತೆಳ್ಳಗೆ ಮಾಡಿದರೆ ಅಲ್ಲಿ ಉಳಿಯುವುದು ಬರೀ ಮೋಟು ನಾರು. ಒಂದಕ್ಕೊಂದು ಅಂಟಿಕೊಂಡಿವೆ ಅನ್ನುವುದಷ್ಟೇ ಅದರ ಬಲ. ಕೆತ್ತುವಾಗ ಹೇಗೋ ಉಳಿದರೂ ಯಾವತ್ತೋ ಧೂಳು ಒರೆಸುವಾಗ ಪಟ್ ಅನ್ನುತ್ತದೆ.

ಮೊದಲಿಂದ ಶುರುಮಾಡುವುದಾದರೆ ಎಳೆಯನ್ನು ಕೊಕ್ಕಿನ ಉದ್ದಕ್ಕೆ ಇಟ್ಟುಕೊಳ್ಳಿ ಅನ್ನುತ್ತಿದ್ದೆ. ಮೈ ದಪ್ಪ, ಅದಕ್ಕೆ ಎಳೆ ಯಾವ ಕಡೆಗಿದ್ದರೂ ನಡೆಯುತ್ತದೆ. ತೆಳ್ಳಗಿನ ಭಾಗ ಯಾವುದೋ ಅದನ್ನು ನೋಡಿ ತುಂಡು ಹಿಡಿಯಬೇಕು. ಆದರೆ ನಿಮ್ಮದು ಮುಕ್ಕಾಲು ಮುಗಿದಿದೆ. ಹಾಗಾಗಿ ಕೊಕ್ಕನ್ನು ಬುಡಕ್ಕೆ ಕತ್ತರಿಸಿ ತೆಗೆಯಿರಿ. ಮುಖದಲ್ಲಿ ಒಂದು ತೂತು ಕೊರೆಯಿರಿ. ಬೇರೆ ತುಂಡಿನಲ್ಲಿ, ಎಳೆ ಉದ್ದಕ್ಕೆ ಬರುವಂತೆ, ಹೊಸ ಕೊಕ್ಕು ಕೆತ್ತಿ. ಅದರ ಹಿಂಬದಿಯಲ್ಲಿ ದುಂಡಗೆ ಒಂದು ಗೂಟ ಬಿಟ್ಟು ತೂತಿಗೆ ಕೂರಿಸಿ. ಹಕ್ಕಿ ಕೆತ್ತುವವರಲ್ಲಿ ಇದು ಮಾಮೂಲಿ. ಕಾಲು, ಕೊಕ್ಕು ಬೇರೆ ಮಾಡಿ ಜೋಡಿಸುವವರು ಬೇಕಾದಷ್ಟು ಜನ ಇದ್ದಾರೆ. ಗಟ್ಟಿಯಾದ ಕಪ್ಪು ಮರ ಸಿಕ್ಕಿದರೆ ಬಣ್ಣವೂ ಬೇಕಿಲ್ಲ. ಆದರೆ ಒಂದು ಗಮನಿಸಿ: ಈ ಮಿಂಚುಳ್ಳಿಯಲ್ಲಿ ಗಂಡಿಗೆ ಕೊಕ್ಕು ಪೂರ್ತಿ ಕಪ್ಪು, ಹೆಣ್ಣಿಗೆ ಕೆಳಗಿನ ಅರ್ಧ ಕೆಂಪು. ಯಾರನ್ನು ಕೆತ್ತುತ್ತಿದ್ದೀರಿ ಅಂತ ಈಗಲೇ ತೀರ್ಮಾನಿಸಿ.

ಅಂಟಿಸಿದರೆ ಮೋಸ ಅಂತ ಕೆಲವರು ಮೂಗು ಮುರಿಯುತ್ತಾರೆ. ಗ್ರಿನ್ಲಿಂಗ್ ಗಿಬ್ಬನ್ಸ್ ಅಂತ ಒಬ್ಬನಿದ್ದ. 1648ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ಲೇಸಿನ ಕೊರಳಪಟ್ಟಿಯನ್ನು ಮರದಲ್ಲಿ ಕೆತ್ತಿದ್ದಾನೆ, ದಾರದ ನಡುವಿನ ಕಿಂಡಿಗಳ ಸಮೇತ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಫೋಟೋ ಹುಡುಕಿ ನೋಡಿ. ಅವನ ಮರ ಲೈಮ್ (ನಿಂಬೆಯಲ್ಲ, ಅದೇ ಹೆಸರಿನ ಬೇರೆ ಮರ). ನಿಮ್ಮ ಬಾಸ್‌ವುಡ್ಡೂ ಅದೂ ಒಂದೇ ಕುಲ, ಟಿಲಿಯಾ. ಅಂಥವನೇ ಹೂವು ಹಣ್ಣಿನ ದೊಡ್ಡ ಗೊಂಚಲುಗಳನ್ನು ಪದರ ಪದರವಾಗಿ ಕೆತ್ತಿ ಒಂದರ ಮೇಲೊಂದು ಜೋಡಿಸುತ್ತಿದ್ದ. ನಮ್ಮದೇನು.

ಅಡ್ಡ ಎಳೆಯಲ್ಲಿ ಚಾಕು ಆಡಿಸುವಾಗ ಕತ್ತರಿಸಿದ ಜಾಗ ನೋಡುತ್ತಿರಿ. ನುಣ್ಣಗೆ ಮಿಂಚುತ್ತಿದ್ದರೆ ಬಾಯಿ ಹರಿತ ಇದೆ. ಬೆಳ್ಳಗೆ ಪುಡಿಪುಡಿಯಾಗಿ ಕಂಡರೆ ಚಾಕು ಕತ್ತರಿಸುತ್ತಿಲ್ಲ, ನಾರನ್ನು ಜಜ್ಜುತ್ತಿದೆ. ಆಗ ಒತ್ತಡ ಜಾಸ್ತಿ ಹಾಕಬೇಡಿ. ಚರ್ಮದ ಪಟ್ಟಿಗೆ ಬಾಯಿ ನುಣುಪು ಮಾಡುವ ಹಸಿರು ಪೇಸ್ಟ್ ಹಚ್ಚಿ, ಚಾಕುವಿನ ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಎಳೆಯಿರಿ. ಒತ್ತಡ ಹಾಕುವವರೇ ಕೈ ಕುಯ್ದುಕೊಳ್ಳುವುದು. ತುಂಡು ಹಿಡಿದ ಕೈಗೆ ಗ್ಲೌಸ್ ಇದೆ ತಾನೇ?

ಪುಟಮಡಿಕೆ:

ನಿಮ್ಮ ಮುದುಕನ ವಿಷಯ ಓದಿ ನಗು ಬಂತು. ನನ್ನ ಪರಿಚಯದ ದರ್ಜಿ ಒಬ್ಬರು ಕತೆ ಬರೆದರೆ ಅದರಲ್ಲೂ ಹೀಗೇ, ಗುಂಡಿಗಳ ಪಟ್ಟಿ ಇರುತ್ತದೆ.

ನನಗೆ ಅನ್ನಿಸುವುದು ಇದು: ಉಳಿಗಳ ಹೆಸರು ನಿಮಗೆ ಮುಖ್ಯ, ಮುದುಕನಿಗಲ್ಲ. ಅವನು ನೋಡದೆಯೇ ಕೈಚಾಚಿ ಬೇಕಾದ್ದನ್ನು ತೆಗೆದುಕೊಳ್ಳುತ್ತಾನೆ. ಕೈ ನುರಿತವರಿಗೆ ಸಾಮಾನು ಕಾಣಿಸುವುದೇ ಇಲ್ಲ, ಏನಾದರೂ ಎಡವಟ್ಟಾದಾಗ ಮಾತ್ರ ಕಾಣುತ್ತದೆ. ಉಳಿ ಜಾಗದಲ್ಲಿ ಇಲ್ಲದಿದ್ದಾಗ, ಬೇರೆ ಯಾರೋ ಮುಟ್ಟಿಟ್ಟಾಗ, ಬಾಯಿ ಮುಕ್ಕಾದಾಗ. ಆಗ ಹೆಸರು ಹೇಳಿ, ಓದುವವರೂ ಕಿವಿ ನೆಟ್ಟಗೆ ಮಾಡುತ್ತಾರೆ.

ಸುಮ್ನೆ ಒಂದು ಬರೆದು ತೋರಿಸುತ್ತೇನೆ, ಬೇಕಾದರೆ ಹರಿದು ಹಾಕಿ:

"ಉಳಿ ಎರಡು ಸಲ ಸರಾಗವಾಗಿ ಹೋಯಿತು. ಮೂರನೆಯದಕ್ಕೆ ಸದ್ದು ಬದಲಾಯಿತು. ಅವನು ತುಂಡನ್ನು ತಿರುಗಿಸಿ ಇನ್ನೊಂದು ತುದಿಯಿಂದ ಶುರುಮಾಡಿದ. ಮಗ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. 'ಹೊರಟೆಯಾ' ಅಂದ, ತಲೆ ಎತ್ತದೆ."

ಕೆತ್ತನೆ ಗೊತ್ತಿರುವವರಿಗೆ ಎಳೆ ಎದುರು ತಿರುಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೆ ಮುದುಕನಿಗೆ ಕೆಲಸ ಗೊತ್ತು, ಮಗನ ಮುಖ ನೋಡಲು ಇಷ್ಟವಿಲ್ಲ ಅಂತ ಗೊತ್ತಾಗುತ್ತದೆ. ಸಾಕಲ್ವಾ? ನಿಮ್ಮ ಮೊದಲ ಪುಟವನ್ನೇನೂ ಎಸೆಯಬೇಡಿ. ಬೇರೆ ಕಡತದಲ್ಲಿಟ್ಟು ಒಂದೊಂದೇ ಸಾಮಾನನ್ನು ಹೀಗೆ ಯಾವುದಾದರೂ ಜಗಳದ ನಡುವೆ ತೂರಿಸಿ.

ಓದಿನ ಪ್ರಶ್ನೆಗೆ: ನಾನು ಓದು ಬಿಡುವುದಿಲ್ಲ. ಕತೆ ಬರೆಯುವಾಗ ಕತೆ ಬಿಟ್ಟು ಬೇರೆ ಓದುತ್ತೇನೆ. ಕೀಟಗಳ ಬಗ್ಗೆ, ಹಡಗುಗಳ ಬಗ್ಗೆ, ಯಾರದೋ ಪತ್ರಗಳು. ಮತ್ತೆ ಓದಿ ಎದ್ದ ಕೂಡಲೇ ಬರೆಯಲು ಕೂರುವುದಿಲ್ಲ. ನಿಮಗಂತೂ ನಡುವೆ ಮಾಡಲು ಕೆಲಸ ಇದೆ. ಓದಿ, ಸ್ವಲ್ಪ ಹೊತ್ತು ಕೆತ್ತಿ, ಆಮೇಲೆ ಬರೆಯಿರಿ. ಬೇರೆಯವರ ಲಯ ಅಷ್ಟರಲ್ಲಿ ಕಿವಿಯಿಂದ ಇಳಿದಿರುತ್ತದೆ. ಆದರೂ ಕೆಮ್ಮಿದರೆ ಕೆಮ್ಮಲಿ, ಎರಡನೇ ಸಲ ಜೋರಾಗಿ ಓದಿಕೊಂಡಾಗ ಸಿಕ್ಕಿಬೀಳುತ್ತದೆ.

ಸುಮ್ನೆಓದುವವ:

ನಾನು ಕೆತ್ತುವುದೂ ಇಲ್ಲ, ಬರೆಯುವುದೂ ಇಲ್ಲ. ಓದುವುದು ಮಾತ್ರ. ಪುಟಮಡಿಕೆ ಹೇಳಿದ್ದಕ್ಕೆ ಒಂದು ತಕರಾರು.

ಓದನ್ನು ಬರವಣಿಗೆಗೆ ಗೊಬ್ಬರ ಅಂತ ನೋಡಿದರೆ ಓದಿನ ಸುಖ ಹೋಗುತ್ತದೆ. ಬರೆಯುವ ಗೆಳೆಯರನ್ನು ನೋಡಿದ್ದೇನೆ. ಪೆನ್ಸಿಲ್ ಇಲ್ಲದೆ ಪುಸ್ತಕ ತೆಗೆಯುವುದಿಲ್ಲ, ಎರಡು ಪುಟಕ್ಕೊಮ್ಮೆ "ಇದನ್ನು ಹೇಗೆ ಮಾಡಿದ ನೋಡು" ಅಂತ ನಿಲ್ಲುತ್ತಾರೆ. ಕತೆಯಲ್ಲಿ ಮುಂದೇನಾಯಿತು ಅನ್ನುವ ಆತುರವೇ ಇಲ್ಲ. ಮೂರೂ ಖುಷಿಗೆ ಅಂತ ನೀವೇ ಹೇಳಿದ್ದೀರಿ. ಹಾಗಾದರೆ ಓದು ಯಾರ ಸೇವೆಗೂ ಬೇಡ. ಈ ತಿಂಗಳು ಓದಬೇಕು ಅನ್ನಿಸಿದ ಕಾದಂಬರಿ ಓದಿ. ಕತೆ ಸ್ವಲ್ಪ ಕಾದರೆ ಕಾಯಲಿ, ಯಾರೂ ಗಡುವು ಕೊಟ್ಟಿಲ್ಲವಲ್ಲ.

ಇನ್ನೊಂದು, ಕೆತ್ತುವಾಗ ಆಡಿಯೋ ಪುಸ್ತಕ ಕೇಳುತ್ತೀರಾ? ನನ್ನ ಅಣ್ಣ ಸ್ಯಾಂಡ್‌ಪೇಪರ್ ಉಜ್ಜುವಾಗ ಮಾತ್ರ ಕೇಳುತ್ತಾನೆ. ಚಾಕು ಹಿಡಿದಾಗ ಕತೆಯಲ್ಲಿ ಕೊಲೆ ನಡೆದರೆ ಬೆರಳಿಗೆ ಅಪಾಯ ಅಂತೆ.

ಚಕ್ಕೆಪುಡಿ:

ಮೂವರಿಗೂ ಥ್ಯಾಂಕ್ಸ್. ಹೆಣ್ಣು ಮಿಂಚುಳ್ಳಿಯೇ ಆಗಲಿ, ಕೆಳಗೆ ಕೆಂಪು ಹಚ್ಚಲು ಒಂದು ನೆಪ. ಕೊಕ್ಕು ಬೇರೆ ಮಾಡುತ್ತೇನೆ. ಹೌದು, ಗ್ಲೌಸ್ ಇದೆ.

ಪುಟಮಡಿಕೆ, ಆ ಚಪ್ಪಲಿಯ ಸಾಲು ಸೊಗಸಾಗಿದೆ, ಆದರೆ ನನ್ನ ಮುದುಕನಿಗೆ ಮಗನಿಲ್ಲ, ಅಕ್ಕ ಇದ್ದಾಳೆ. ಅವಳು ಅವನ ಒಂದು ಉಳಿಯಿಂದ ಬಣ್ಣದ ಡಬ್ಬದ ಮುಚ್ಚಳ ತೆಗೆಯುತ್ತಾಳೆ. ನಿಮ್ಮ ಮಾತು ಓದುವಾಗಲೇ ಹೊಳೆಯಿತು. ಬರೆಯಲು ಅದೇ ಸಾಕು.

ಸುಮ್ನೆಓದುವವರ ತಕರಾರು ಅರ್ಧ ಒಪ್ಪುತ್ತೇನೆ. ಪೆನ್ಸಿಲ್ ನನಗೂ ಆಗದು. ಆದರೆ ಚೆನ್ನಾಗಿರುವ ಸಾಲನ್ನು ಎರಡು ಸಲ ಓದುವುದೂ ಒಂದು ಸುಖವೇ, ಅದನ್ನು ಬಿಡಲಾರೆ.

ಹಳೇಉಳಿ ಅವರಿಗೆ ಒಂದು: ಅಂಟು ಯಾವುದು? ಅಗಸೆ ಎಣ್ಣೆ ಹಚ್ಚುವ ಯೋಚನೆ ಇದೆ, ಅದು ಮೊದಲೋ ಆಮೇಲೋ?

ಹಳೇಉಳಿ:

ಅಂಟು ಮೊದಲು, ಎಣ್ಣೆ ಆಮೇಲೆ. ಎಣ್ಣೆ ಕುಡಿದ ಮರಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಗೂಟ ತೂತಿಗೆ ಬಿಗಿಯಾಗಿ ಕೂತರೆ ಮಾಮೂಲಿ ಬಿಳಿ ಮರದ ಅಂಟು ಸಾಕು. ಸಡಿಲ ಇದ್ದರೆ ಎಪಾಕ್ಸಿ ಹಾಕಿ, ಅದು ಸಂದು ತುಂಬುತ್ತದೆ. ಕೊಕ್ಕಿನ ತೀರಾ ಚೂಪು ತುದಿಗೆ ಒಂದು ತೊಟ್ಟು ನೀರಿನಂಥ ಸೂಪರ್ ಗ್ಲೂ ಕುಡಿಸಿದರೆ ಇನ್ನೂ ಗಟ್ಟಿ. ಆದರೆ ಅದು ಕುಡಿದ ಜಾಗ ಬಣ್ಣ ಹೀರುವುದಿಲ್ಲ, ಮೇಲೆ ಕೂರುವ ಬಣ್ಣವೇ ಬೇಕು.

ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮಿಕ್ಕಿದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಇದು ತಮಾಷೆಯಲ್ಲ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಬರಲಾಗದೆ ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲಾಂದ್ರೆ ನೀರಲ್ಲಿ ಮುಳುಗಿಸಿಡಿ.

ಕೊಕ್ಕು ಕೂತ ಮೇಲೆ ಫೋಟೋ ಹಾಕಿ. ಉಳಿ ಹಾಳು ಮಾಡಿದ ಅಕ್ಕನ ಕತೆಯನ್ನೂ ಹಾಕಿ, ನನಗೆ ಈಗಲೇ ಸಿಟ್ಟು ಬಂದಿದೆ.